ಹಲಗೆಯ ಮೇಲಿನ ಚಾಕ್‌ಪೀಸ್

ಬೆಂಗಳೂರಿನ ಬಿಷಪ್ ಕಾಟನ್ ಸ್ಕೂಲಿನಲ್ಲಿ ಓದುವಾಗ ಬಿಷಪ್ ಕಾಟನ್ ಅಂದರೆ ನಮಗೆ ಬ್ಯಾಡ್ಜ್ ಮೇಲೆ ದಿನಾ ಕಾಣುವ ಹೆಸರು, ಅಷ್ಟೇ. ಆ ಹೆಸರಿನ ಮನುಷ್ಯರೊಬ್ಬರು ಬದುಕಿದ್ದರು ಅಂತ ನನಗೆ ಅನ್ನಿಸಿದ್ದು ಏಳನೇ ಕ್ಲಾಸಿನಲ್ಲಿ. ಒಂದು ಮಧ್ಯಾಹ್ನ ನಮ್ಮ ಹಿಸ್ಟರಿ ಸರ್ ಪಾಠ ಬದಿಗಿಟ್ಟು ಅವರ ಕತೆ ಹೇಳಿದರು.

ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಹುಟ್ಟಿದ್ದು 1813ರಲ್ಲಿ, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ. ಮಗು ಹುಟ್ಟಿ ಮೂರು ವಾರವೂ ಆಗಿರಲಿಲ್ಲ, ಸೈನ್ಯದಲ್ಲಿದ್ದ ಅಪ್ಪ ಫ್ರಾನ್ಸಿನ ನಿವೆಲ್ ಕಾಳಗದಲ್ಲಿ ತೀರಿಹೋದರು. ಅಪ್ಪನಿಲ್ಲದೆ ಬೆಳೆದ ಆ ಹುಡುಗ ಮುಂದೆ ಮೇಷ್ಟ್ರಾದರು. ರಗ್ಬಿ ಸ್ಕೂಲಿನಲ್ಲಿ ಹದಿನೈದು ವರ್ಷ ಪಾಠ ಹೇಳಿದರು. 1852ರಲ್ಲಿ ಮಾರ್ಲ್‌ಬರೋ ಕಾಲೇಜ್ ಅನ್ನುವ ಶಾಲೆಗೆ ಮುಖ್ಯಸ್ಥರಾಗಿ ಹೋದಾಗ ಅಲ್ಲಿ ಸಾಲವೋ ಸಾಲ. ಹಿಂದಿನ ವರ್ಷವಷ್ಟೇ ಹುಡುಗರು ದಂಗೆ ಎದ್ದಿದ್ದರು. ಕಾಟನ್ ಆ ಹುಡುಗರನ್ನು ಆಟದ ಮೈದಾನಕ್ಕೆ ಕರೆತಂದರು, ದೊಡ್ಡ ಹುಡುಗರಿಗೆ ಚಿಕ್ಕವರ ಜವಾಬ್ದಾರಿ ಕೊಟ್ಟರು. ನನಗೆ ಅವರ ಬಗ್ಗೆ ಜಾಸ್ತಿ ಗೌರವ ಇರುವುದು ಈ ಕೆಲಸಕ್ಕೇ.

1858ರಲ್ಲಿ ಅವರು ಕಲ್ಕತ್ತಾದ ಬಿಷಪ್ ಆಗಿ ಬಂದರು. ಆದರೂ ಒಳಗಿನ ಮೇಷ್ಟ್ರು ಸುಮ್ನೆ ಕೂರಲಿಲ್ಲ. ಇಲ್ಲಿದ್ದ ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಶಾಲೆ ಬೇಕು ಅಂತ ಹಟ ಹಿಡಿದರು. 1859ರಲ್ಲಿ ಶಿಮ್ಲಾದ ಶಾಲೆ ಶುರುವಾಯಿತು. 1865ರಲ್ಲಿ ಪಾದ್ರಿ ಸ್ಯಾಮ್ಯುಯಲ್ ಪೆಟಿಗ್ರೂ ಬೆಂಗಳೂರಿನಲ್ಲಿ ನಮ್ಮ ಶಾಲೆ ಶುರು ಮಾಡಿದರು. ನಮ್ಮಂಥ ಕನ್ನಡದ ಮನೆಗಳ ಮಕ್ಕಳಿಗೆ ಅದರ ಬಾಗಿಲು ತೆರೆದದ್ದು ಆಮೇಲೆ. ತೆರೆಯಿತಲ್ಲ, ಅದಕ್ಕೆ ನಾನು ಋಣಿ.

ಇಷ್ಟು ಹೇಳಿ ಸರ್ ಮರದ ಸ್ಕೇಲ್ ತೆಗೆದುಕೊಂಡರು. ಒಂದು ತುದಿ ಮೇಜಿನ ಮೇಲೆ, ಇನ್ನೊಂದು ತುದಿ ಮುಂದಿನ ಬೆಂಚಿನ ಮೇಲೆ. "ಇದು ದಡ, ಅದು ಸ್ಟೀಮರ್, ನಡುವೆ ಹತ್ತಿ ಹೋಗೋ ಹಲಗೆ." ಊರು ಕುಷ್ಟಿಯಾ, ಈಗ ಬಾಂಗ್ಲಾದೇಶದಲ್ಲಿದೆ. ಅವತ್ತು ಕಾಟನ್ ಅಲ್ಲಿನ ಸ್ಮಶಾನವೊಂದನ್ನು ಪ್ರತಿಷ್ಠೆ ಮಾಡಿ ವಾಪಸ್ ಬರುತ್ತಿದ್ದರು. ಕತ್ತಲಾಗಿತ್ತು. ಸರ್ ಒಂದು ಚಾಕ್‌ಪೀಸನ್ನು ಸ್ಕೇಲ್ ಮೇಲೆ ನಿಲ್ಲಿಸಿ ಬೆರಳಿನಿಂದ ಮೆಲ್ಲಗೆ ತಳ್ಳುತ್ತಾ ಹೋದರು. ಅರ್ಧ ದಾರಿಗೆ ಅದು ಜಾರಿ ನೆಲಕ್ಕೆ ಬಿತ್ತು. ಯಾರೂ ಉಸಿರೆತ್ತಲಿಲ್ಲ. ಬೇರೆಯವರ ಸಮಾಧಿಗೆ ಜಾಗ ಪವಿತ್ರ ಮಾಡಿ ಬಂದವರ ದೇಹ ನದಿಯಲ್ಲಿ ಸಿಗಲೇ ಇಲ್ಲ.

ಸರ್ ಬಗ್ಗಿ ಆ ಚಾಕ್‌ಪೀಸ್ ಎತ್ತಿಕೊಂಡರು. ಅದರಲ್ಲೇ ಬೋರ್ಡ್ ಮೇಲೆ ಬರೆದರು: 6 ಅಕ್ಟೋಬರ್ 1866. ಆಗ ನಮ್ಮ ಸ್ಕೂಲಿಗೆ ಒಂದು ವರ್ಷ.