ದಿನಾ ಬಂದು ಓಕೆ ಕೇಳುತ್ತಿದ್ದ ಡಬ್ಬ

ಲ್ಯಾಪ್‌ಟಾಪ್ ಆನ್ ಮಾಡಿ ಪಾಸ್‌ವರ್ಡ್ ಹಾಕುತ್ತೇನೆ. ವರ್ಡ್ ತೆರೆದು ಮೊದಲ ಸಾಲು ಟೈಪ್ ಮಾಡುವಷ್ಟರಲ್ಲಿ ಪರದೆಯ ನಡುವೆ ಒಂದು ಸಣ್ಣ ಡಬ್ಬ ಬಂದು ಕೂರುತ್ತದೆ. ಆಗ ನನ್ನ ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ. ಡಬ್ಬ ಎದುರಿಗಿದ್ದಾಗ ಸ್ಪೇಸ್ ಒತ್ತಿದರೆ ಓಕೆ ಒತ್ತಿದ ಹಾಗೆ. ಡಬ್ಬ ಮಾಯ. ಹೀಗೆ ಎರಡು ತಿಂಗಳು ಅದು ಕೇಳಿದ್ದಕ್ಕೆಲ್ಲ ಓಕೆ ಅಂದಿದ್ದೇನೆ, ಏನು ಕೇಳುತ್ತಿದೆ ಅಂತ ಓದದೆ.

ಪ್ರೂಫ್ ನೋಡುವುದು ನನ್ನ ಕೆಲಸ. ಬೇರೆಯವರ ಬರಹದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಕಣ್ಣಿಗೆ ಕುಟುಕುತ್ತದೆ. ನನ್ನದೇ ಪರದೆಯ ಎರಡು ಸಾಲು ಮಾತ್ರ ಕಾಣಲಿಲ್ಲ.

ಕೊನೆಗೆ ಒಂದು ದಿನ ಆನ್‌ಲೈನ್ ಮೀಟಿಂಗ್‌ನಲ್ಲಿ ಸ್ಕ್ರೀನ್ ಹಂಚಿಕೊಂಡಾಗ ಎಲ್ಲರ ಎದುರಿಗೇ ಅದು ಬಂತು. 'ಮೇಡಂ, ನಿಮ್ಮ ಸಿಸ್ಟಮ್‌ಗೆ ವೈರಸ್ ಬಂದಿದೆ' ಅಂತ ಒಬ್ಬರು ಅಂದೇಬಿಟ್ಟರು. ಅವತ್ತು ಕೂತು ಓದಿದೆ. ಡಬ್ಬದ ತಲೆಯ ಮೇಲೆ 'ರನ್‌ಡಿಎಲ್‌ಎಲ್' ಅಂತ ಹೆಸರು. ಒಳಗೆ ಒಂದು ಉದ್ದದ ವಿಳಾಸ: ಸಿ ಡ್ರೈವ್, ನನ್ನ ಹೆಸರಿನ ಫೋಲ್ಡರ್, ಅದರಲ್ಲಿ ಆ್ಯಪ್‌ಡೇಟಾ, ಅದರ ಒಳಗೆಲ್ಲೋ ಎಂಟು ಅಕ್ಷರದ, ಯಾವ ಭಾಷೆಯಲ್ಲೂ ಅರ್ಥವಿಲ್ಲದ ಹೆಸರಿನ ಒಂದು ಡಿಎಲ್‌ಎಲ್ ಫೈಲ್, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್ ಇರುವ ಫೈಲ್. ಇದನ್ನು ಶುರು ಮಾಡಲು ಹೋದೆ, ಆಗಲಿಲ್ಲ, ಮಾಡ್ಯೂಲ್, ಅಂದರೆ ಆ ಫೈಲ್, ಸಿಗುತ್ತಿಲ್ಲ ಅನ್ನುವುದು ಅದರ ಗೋಳು. ಆ ಹೆಸರನ್ನು ಕಾಗದದ ಮೇಲೆ ಬರೆದುಕೊಳ್ಳಲು ಹೋಗಿ ಎರಡು ಸಲ ತಪ್ಪು ಬರೆದೆ. ಆಮೇಲೆ ಗೊತ್ತಾಯಿತು, ವಿಂಡೋಸ್‌ನ ಇಂಥ ಡಬ್ಬ ಎದುರಿಗಿದ್ದಾಗ ಕಂಟ್ರೋಲ್ ಸಿ ಒತ್ತಿದರೆ ಒಳಗಿನ ಬರಹ ಪೂರ್ತಿ ಕಾಪಿ ಆಗುತ್ತದೆ. ಮೌಸ್‌ನಿಂದ ಆಯ್ಕೆ ಮಾಡಲು ಬರುವುದಿಲ್ಲ, ಆದರೆ ಕಾಪಿ ಆಗುತ್ತದೆ! ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿಟ್ಟುಕೊಂಡೆ.

ತಮ್ಮನಿಗೆ ಫೋನ್ ಮಾಡಿದೆ. 'ಫಾರ್ಮ್ಯಾಟ್ ಹೊಡಿ ಅಕ್ಕಾ' ಅಂದ. ಕಂಪ್ಯೂಟರ್ ಬಲ್ಲವರು ಎಲ್ಲದಕ್ಕೂ ಹೇಳುವ ಮದ್ದು ಇದೊಂದೇ ಅಲ್ವಾ? ನನ್ನ ಫಾಂಟುಗಳು, ಕೀಬೋರ್ಡ್ ಸೆಟ್ಟಿಂಗ್, ಅರ್ಧ ತಿದ್ದಿದ ಫೈಲುಗಳು ಎಲ್ಲ ನೆನಪಾಗಿ ಹೊಟ್ಟೆಯೊಳಗೆ ತಣ್ಣಗಾಯಿತು. ಫಾರ್ಮ್ಯಾಟ್ ಬೇಡ ಅಂತ ಹೇಳಿ ಫೋನ್ ಇಟ್ಟೆ.

ಆಮೇಲೆ ಮಾಡಿದ್ದು ಇನ್ನೂ ದಡ್ಡತನ. ಫೈಲ್ ಕಳೆದಿದೆ ತಾನೆ, ತಂದು ಕೊಟ್ಟರಾಯಿತು ಅಂದುಕೊಂಡು, ಡಿಎಲ್‌ಎಲ್ ಫೈಲ್ ಉಚಿತವಾಗಿ ಕೊಡುತ್ತೇವೆ ಅನ್ನುವ ಒಂದು ಸೈಟಿಗೆ ಹೋದೆ. ಡೌನ್‌ಲೋಡ್ ಒತ್ತುವ ಮೊದಲು ತಮ್ಮನಿಗೆ ಒಂದು ಮೆಸೇಜ್ ಹಾಕಿದ್ದೇ ಪುಣ್ಯ. ತಕ್ಷಣ ಫೋನ್ ಬಂತು. 'ಬೇಡ ಅಕ್ಕಾ! ಅದು ಯಾರ ಫೈಲು, ಒಳಗೆ ಏನಿದೆ, ನಿಂಗೆ ಹೇಗೆ ಗೊತ್ತಾಗತ್ತೆ?' ಅವನು ಹೇಳಿದಂತೆ, ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿದೆ. ವಿಂಡೋಸ್‌ನ ಸ್ವಂತ ಫೈಲುಗಳು ಕೆಟ್ಟಿವೆಯೇ ಅಂತ ಅದು ನೋಡುತ್ತದೆ. ಎಲ್ಲ ಸರಿಯಾಗಿವೆ ಅಂತ ಬಂತು. ಆ್ಯಂಟಿವೈರಸ್‌ನಲ್ಲಿ ಫುಲ್ ಸ್ಕ್ಯಾನ್ ಮಾಡಿದೆ. ಅಲ್ಲೂ ಏನೂ ಸಿಗಲಿಲ್ಲ. ಮರುದಿನ ಡಬ್ಬ ಹಾಜರ್.

ದಾರಿ ತೋರಿಸಿದ್ದು ನನ್ನ ಮಗಳು. ಅವಳಿಗೂ ಇದೇ ಲ್ಯಾಪ್‌ಟಾಪ್, ಆದರೆ ಬೇರೆ ಅಕೌಂಟ್. ನಾನು ಗೊಣಗುವುದನ್ನು ಕೇಳಿ, 'ಯಾವ ಡಬ್ಬ? ನಂಗೆ ಬರಲ್ವಲ್ಲ ಅಮ್ಮಾ' ಅಂದಳು.

ನಾನು ಎರಡು ತಿಂಗಳು ಯೋಚಿಸದ ವಿಷಯ ಇದು. ಒಂದೇ ಯಂತ್ರ, ಒಂದೇ ವಿಂಡೋಸ್, ಅವಳಿಗೆ ಬರುವುದಿಲ್ಲ. ಹಾಗಾದರೆ ಕೆಟ್ಟಿರುವುದು ಯಂತ್ರ ಅಲ್ಲ, ನನ್ನ ಅಕೌಂಟಿಗೆ ಏನೋ ಅಂಟಿಕೊಂಡಿದೆ. ಪರೀಕ್ಷೆ ಮಾಡೋಣ ಅಂತ ಸ್ಲೀಪ್‌ಗೆ ಹಾಕಿ ಎಬ್ಬಿಸಿದೆ. ಬರಲಿಲ್ಲ. ಸೈನ್ ಔಟ್ ಮಾಡಿ ಮತ್ತೆ ಒಳಗೆ ಬಂದೆ. ಬಂತು! ಅಂದರೆ ಕಂಪ್ಯೂಟರ್ ಆನ್ ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ನಾನು ಲಾಗಿನ್ ಆಗುವುದಕ್ಕೆ ಕಾಯುತ್ತಿದೆ. ಗಡಿಯಾರ ಹಿಡಿದು ನೋಡಿದೆ. ಪ್ರತಿ ಸಲ ಹೆಚ್ಚು ಕಡಿಮೆ ಅರ್ಧ ನಿಮಿಷದ ನಂತರ.

ಆಗ ಮೆಸೇಜ್ ಬೇರೆ ಥರ ಓದಿಸಿಕೊಂಡಿತು. ಕಳೆದ ಫೈಲಿನ ಹೆಸರು ಅದರಲ್ಲಿದೆ. ಆ ಫೈಲನ್ನು ಕರೆಯುತ್ತಿರುವವರು ಯಾರು ಅಂತ ಇಲ್ಲ. ರನ್‌ಡಿಎಲ್‌ಎಲ್ ಅನ್ನುವುದು ವಿಂಡೋಸ್‌ನದೇ ಒಂದು ಪ್ರೋಗ್ರಾಂ, ಅದರದೇನೂ ತಪ್ಪಿಲ್ಲ. ಡಿಎಲ್‌ಎಲ್ ಫೈಲುಗಳು ತಾವಾಗಿ ಓಡುವುದಿಲ್ಲ, ಇದು ಅವನ್ನು ಓಡಿಸಿಕೊಡುತ್ತದೆ. ಮನೆ ಖಾಲಿ ಮಾಡಿ ಹೋದವರ ಬಾಗಿಲು ತಟ್ಟಿ 'ಯಾರೂ ಇಲ್ಲ' ಅಂತ ಬಂದು ಹೇಳುವ ಹುಡುಗನ ಹಾಗೆ. ಅವನನ್ನು ಬೈದರೆ ಏನು ಪ್ರಯೋಜನ, ಕಳಿಸುತ್ತಿರುವವರನ್ನು ಹಿಡಿಯಬೇಕು.

ಲಾಗಿನ್ ಆದಾಗ ಏನೇನು ಓಡಬೇಕು ಅನ್ನುವ ಪಟ್ಟಿ ವಿಂಡೋಸ್‌ನಲ್ಲಿ ಒಂದು ಕಡೆ ಇರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ನೋಡಿದೆ, ಎಲ್ಲ ಪರಿಚಿತ ಹೆಸರುಗಳೇ. ಸ್ಟಾರ್ಟಪ್ ಫೋಲ್ಡರ್ ಖಾಲಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ 'ರನ್' ಅನ್ನುವ ಜಾಗವನ್ನು ಉಸಿರು ಬಿಗಿಹಿಡಿದು ತೆರೆದು, ನೋಡಿ, ಏನೂ ಮುಟ್ಟದೆ ಮುಚ್ಚಿದೆ. ಅಲ್ಲೂ ಇರಲಿಲ್ಲ.

ಇಷ್ಟೆಲ್ಲ ಒಂದೊಂದಾಗಿ ಹುಡುಕುವ ಬದಲು 'ಆಟೋರನ್ಸ್' ಹಾಕು ಅಂತ ತಮ್ಮ ಹೇಳಿದ. ಮೊದಲೇ ಹೇಳಬಾರದಿತ್ತಾ! ಮೈಕ್ರೋಸಾಫ್ಟ್ ಸೈಟಿನಲ್ಲೇ ಸಿಸ್‌ಇಂಟರ್ನಲ್ಸ್ ಅನ್ನುವ ಭಾಗದಲ್ಲಿ ಉಚಿತವಾಗಿ ಸಿಗುತ್ತದೆ. ಇನ್‌ಸ್ಟಾಲ್ ಮಾಡುವುದೂ ಬೇಡ. ತಾನಾಗಿ ಶುರುವಾಗುವ ಎಲ್ಲವನ್ನೂ ಒಂದೇ ಕಡೆ ಹರಡಿ ತೋರಿಸುತ್ತದೆ. ಪಟ್ಟಿ ನೋಡಿದರೆ ಎದೆ ಧಸಕ್ ಅನ್ನುತ್ತದೆ, ಅಷ್ಟು ಉದ್ದ. ಆದರೆ ಫೈಲ್ ಇಲ್ಲದೆ ಬರೀ ಕರೆ ಉಳಿದಿರುವ ಸಾಲುಗಳಿಗೆ ಹಳದಿ ಬಣ್ಣ ಬಳಿದಿರುತ್ತದೆ. ನನಗೆ ನಾಲ್ಕು ಹಳದಿ ಸಾಲು ಸಿಕ್ಕವು. ನೋಟ್‌ಪ್ಯಾಡ್‌ನಲ್ಲಿಟ್ಟಿದ್ದ ಎಂಟು ಅಕ್ಷರ ಪಕ್ಕದಲ್ಲಿಟ್ಟು ಪ್ರೂಫ್ ನೋಡುವ ಹಾಗೆ ಹೋಲಿಸಿದೆ. ನಿಗದಿಯಾದ ಹೊತ್ತಿಗೆ ತಾವಾಗಿ ಓಡುವ ಕೆಲಸಗಳ ಪಟ್ಟಿ, ಅಂದರೆ ಶೆಡ್ಯೂಲ್ಡ್ ಟಾಸ್ಕ್ಸ್ ಕೆಳಗೆ ಒಂದು ಹೊಂದಿತು.

ತಕ್ಷಣ ಅಳಿಸಲಿಲ್ಲ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ತೆರೆದು ಅದೇ ಟಾಸ್ಕ್ ನೋಡಿದೆ. ಟ್ರಿಗರ್, ಅಂದರೆ ಯಾವಾಗ ಓಡಬೇಕು ಅನ್ನುವಲ್ಲಿ: ಈ ಬಳಕೆದಾರರು ಲಾಗಿನ್ ಆದಾಗ, 30 ಸೆಕೆಂಡ್ ತಡವಾಗಿ. ಬಳಕೆದಾರರು ಅಂದರೆ ನಾನು. ಮಗಳಿಗೆ ಯಾಕೆ ಬರಲಿಲ್ಲ, ಅರ್ಧ ನಿಮಿಷ ಯಾಕೆ, ಎರಡೂ ಒಂದೇ ಸಾಲಿನಲ್ಲಿ ಇದ್ದವು. ಟಾಸ್ಕಿನ ಜೊತೆ ಹುಟ್ಟಿದ ತಾರೀಖೂ ಇತ್ತು. ಅವತ್ತು ಯಾವುದೋ ವಿಡಿಯೋದಿಂದ ಬರೀ ಧ್ವನಿ ತೆಗೆಯಲು ಒಂದು ಉಚಿತ ಕನ್ವರ್ಟರ್ ಹಾಕಿಕೊಂಡಿದ್ದೆ. ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್. ಅದರ ಬೆನ್ನಿಗೆ ಇನ್ನೇನೋ ಬಂದಿದೆ. ಆ್ಯಂಟಿವೈರಸ್ ಹಿಸ್ಟರಿ ನೋಡಿದರೆ, ಎರಡು ದಿನ ಬಿಟ್ಟು ಅದೇ ಎಂಟು ಅಕ್ಷರದ ಫೈಲನ್ನು ಅದು ಹಿಡಿದು ಕೂಡಿಹಾಕಿದೆ. ಫೈಲ್ ಹೋಯಿತು, ಕರೆಯುವ ಟಾಸ್ಕ್ ಉಳಿಯಿತು. ನಾನು ಆ ಸೈಟಿನಿಂದ ಹುಡುಕಿ ತರಲು ಹೊರಟಿದ್ದು ಇದನ್ನೇ!

ಆಟೋರನ್ಸ್‌ನಲ್ಲಿ ಆ ಸಾಲಿನ ಮುಂದಿನ ಟಿಕ್ ತೆಗೆದೆ. ಟಿಕ್ ತೆಗೆದರೆ ಮತ್ತೆ ಹಾಕಬಹುದು, ಅಳಿಸಿದರೆ ಹೋಯಿತು. ಉಳಿದ ಮೂರು ಹಳದಿ ಸಾಲುಗಳು ತೊಂದರೆ ಕೊಡುತ್ತಿರಲಿಲ್ಲ, ಅವನ್ನು ಮುಟ್ಟಲಿಲ್ಲ. ರೀಸ್ಟಾರ್ಟ್ ಮಾಡಿ, ಕೈ ಕಟ್ಟಿಕೊಂಡು ಕೂತು ಅರವತ್ತರವರೆಗೆ ಎಣಿಸಿದೆ. ಏನೂ ಬರಲಿಲ್ಲ. ಒಂದು ವಾರ ಕಾದು ಟಾಸ್ಕನ್ನೇ ಅಳಿಸಿದೆ.

ನಿನ್ನೆ ಆ ಕನ್ವರ್ಟರ್ ಅನ್ನೂ ಅನ್‌ಇನ್‌ಸ್ಟಾಲ್ ಮಾಡಿದೆ. ಹೋಗುವಾಗ ಅದೂ ಒಂದು ಡಬ್ಬ ತೋರಿಸಿತು, ಯಾಕೆ ತೆಗೆಯುತ್ತಿದ್ದೀರಿ ಅಂತ. ಪೂರ್ತಿ ಓದಿದೆ. ಕೆಳಗಡೆ ಇನ್ನೊಂದು ಪ್ರೋಗ್ರಾಂ ಹಾಕಿಕೊಡಲೇ ಅಂತ ಸಣ್ಣ ಅಕ್ಷರದಲ್ಲಿ ಕೇಳಿತ್ತು, ಮೊದಲೇ ಟಿಕ್ ಬೇರೆ ಹಾಕಿಟ್ಟಿತ್ತು.