ಅವ್ವನ ಬೆರಳು

2021ರಲ್ಲಿ ತಂದಿಟ್ಟ ಆಕ್ಸಿಮೀಟರ್, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಮಟ್ಟ ನೋಡೋ ಯಂತ್ರ, ಈ ವಾರ ಮತ್ತೆ ಹೊರಬಂತು. ಅವ್ವನಿಗೆ ಒಂದು ತಿಂಗಳಿಂದ ಸುಸ್ತು. ಕುಂದವಾಡ ಕೆರೆ ಏರಿ ಮೇಲೆ ಸರಸರ ನಡೀತಿದ್ದವಳು ಈಗ ಅರ್ಧಕ್ಕೇ ಕೂತುಬಿಡ್ತಾಳೆ.

ಬೆಳಿಗ್ಗೆ ಪಾತ್ರೆ ತೊಳೆದು ತಣ್ಣಗಾಗಿದ್ದ ಬೆರಳಿಗೆ ಸಿಕ್ಕಿಸಿದರೆ 91! ಎದೆ ಧಸಕ್ಕೆಂದಿತು. ಕೈ ಉಜ್ಜಿ ಬೆಚ್ಚಗೆ ಮಾಡಿ, ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ಹಾಕಿದೆ: 98. ಸಂಜೆಯೂ 97, 98. "ಎಲ್ಲಾ ಸರಿ ಐತಲ್ಲ, ಬಿಡಪ್ಪ" ಅಂದಳು.

ಸುಸ್ತು ಮಾತ್ರ ಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು, ಹಿಮೋಗ್ಲೋಬಿನ್ 8.2. ಹೆಂಗಸರಿಗೆ 12 ಆದರೂ ಇರಬೇಕು. ಇದ್ದಷ್ಟು ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಅಂತ ಮಾತ್ರ ಆಕ್ಸಿಮೀಟರ್ ಹೇಳುತ್ತೆ. ಹಿಮೋಗ್ಲೋಬಿನ್ನೇ ಎಷ್ಟಿದೆ ಅಂತ ಅದಕ್ಕೆ ತಿಳಿಯಲ್ಲ. ಬಂಡಿಗಳೆಲ್ಲ ತುಂಬಿವೆ, ಆದರೆ ಬಂಡಿಗಳೇ ಕಮ್ಮಿ.

ಕಬ್ಬಿಣಾಂಶದ ಮಾತ್ರೆ ಶುರುವಾಗಿದೆ. ಅದರ ಜೊತೆ ಚಹಾ ಕುಡಿಯೋ ಹಾಗಿಲ್ಲ. ಯಾಕೆ ಕಮ್ಮಿಯಾಯ್ತು ಅಂತ ಇನ್ನೂ ನೋಡಿಸಬೇಕು.

ಡಾಕ್ಟರು ಅವಳ ಕೆಳರೆಪ್ಪೆ ಸ್ವಲ್ಪ ಎಳೆದು, ಒಳಗೆ ಬಿಳಚಿಕೊಂಡಿದ್ದನ್ನ ಒಂದೇ ನೋಟಕ್ಕೆ ಕಂಡರು. ದಿನಾ ಅವಳ ಎದುರಿಗೇ ಕೂತು ಉಣ್ಣೋ ನನಗೆ ಕಾಣಲಿಲ್ಲ.