ವಡಗಾವಿಯ ಮಳೆ, ಪಕ್ಕದ ಮನೆಯ ಬುಟ್ಟಿ

ನಾಲ್ಕು ದಿನದಿಂದ ಬಿಸಿಲು ಕಂಡಿಲ್ಲ. ನಡುಮನೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಹಾಕಿದ್ದೇನೆ. ಅಡುಗೆಮನೆಗೆ ಹೋಗಬೇಕಂದ್ರೆ ಗಂಡನ ಒದ್ದೆ ಲುಂಗಿಯ ಕೆಳಗೆ ತಲೆ ಬಗ್ಗಿಸಿಯೇ ಹೋಗಬೇಕು. ಬೆಳಗಾವಿಗೆ ಬಂದ ಹೊಸದರಲ್ಲಿ ಇದಕ್ಕೆಲ್ಲ ಅಳು ಬರುತ್ತಿತ್ತು, ನಿಜವಾಗ್ಲೂ. ಈಗ ಬರುವುದಿಲ್ಲ. ಅದಕ್ಕೆ ಕಾರಣ ಪಕ್ಕದ ಮನೆಯ ಕಾಕು, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ.

ನಾನು ಹುನಗುಂದ ತಾಲೂಕಿನವಳು. ಐಹೊಳೆ ಹತ್ತಿರ, ಮಲಪ್ರಭೆಯ ದಂಡೆಯ ಮೇಲಿನ ಊರು. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ ಪುಣ್ಯ. ಹೊರಗೆ ಹಾಕಿದ ಬಟ್ಟೆ ಅರ್ಧ ತಾಸಿಗೆ ಹಪ್ಪಳ. 2014ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಾಗ ಬೆಳಗಾವಿ ಗುಡ್ಡದ ಬದಿಯ ಊರು ಅಂತಲೇ ನನಗೆ ಗೊತ್ತಿರಲಿಲ್ಲ. ಊರೊಳಗೆ ಓಡಾಡಿದರೆ ತಿಳಿಯೋದೂ ಇಲ್ಲ, ಎಲ್ಲ ಸಪಾಟಾಗಿಯೇ ಕಾಣುತ್ತದೆ. ಆದರೆ ನಾವಿರೋದು ಸುಮಾರು 750 ಮೀಟರ್ ಎತ್ತರದಲ್ಲಿ. ಯಳ್ಳೂರಿನ ರಾಜಹಂಸಗಡ ಹತ್ತಿ ಪಶ್ಚಿಮಕ್ಕೆ ತಿರುಗಿ ನಿಂತರೆ ಸಹ್ಯಾದ್ರಿಯ ಸಾಲು ಕಾಣುತ್ತದೆ. ಮೋಡಗಳು ಆ ಕಡೆಯಿಂದ ಘಟ್ಟ ಹತ್ತಿ ಬಂದು, ಕಣಕುಂಬಿ, ಜಾಂಬೋಟಿಯ ಕಾಡಿನಲ್ಲಿ ಮನಸಾರೆ ಸುರಿದು, ಉಳಿದದ್ದನ್ನು ನಮ್ಮ ತಲೆ ಮೇಲೆ ತಂದು ಹಾಕುತ್ತವೆ. ಆ ಉಳಿದದ್ದೇ ನಮ್ಮೂರ ಮಳೆಯ ಎರಡರಷ್ಟು!

ನಾವು ಇರೋದು ವಡಗಾವಿಯಲ್ಲಿ, ನೇಕಾರರ ಓಣಿ. ಎಡಕ್ಕೂ ಬಲಕ್ಕೂ ಪವರ್‌ಲೂಮ್. ಬೆಳಗಿನಿಂದ ರಾತ್ರಿಯತನಕ ಖಟಾಪಟಾ ಖಟಾಪಟಾ. ಮೊದಲ ತಿಂಗಳು ತಲೆನೋವಿನ ಗುಳಿಗೆ ನುಂಗಿದ್ದೇ ನುಂಗಿದ್ದು. ಆಮೇಲೆ ಮಗಳು ಹುಟ್ಟಿದಳು ನೋಡಿ, ಅವಳಿಗೆ ಆ ಸದ್ದೇ ಜೋಗುಳ ಆಯಿತು. ಕರೆಂಟ್ ಹೋಗಿ ಮಗ್ಗ ನಿಂತರೆ ಸಾಕು, ಕಣ್ಣು ಬಿಟ್ಟು ಅಳೋಕೆ ಶುರು. ಕರೆಂಟ್ ಹೋಗಿದ್ದು ನಮಗೆ ಗೊತ್ತಾಗುತ್ತಿದ್ದುದೇ ಅವಳ ಅಳುವಿನಿಂದ.

ಅವಳು ಹುಟ್ಟಿದ್ದು 2016ರ ಏಪ್ರಿಲ್‌ನಲ್ಲಿ, ತವರಿನಲ್ಲಿ. ಬಾಣಂತನ ಮುಗಿಸಿ ಜುಲೈನಲ್ಲಿ ಕೂಸನ್ನು ಎತ್ತಿಕೊಂಡು ಬಂದೆ. ಸರಿಯಾಗಿ ಮಳೆ ಹಿಡಿದ ಹೊತ್ತು. ದಿನಕ್ಕೆ ಇಪ್ಪತ್ತು ಲಂಗೋಟಿ ಒಗೆಯೋದು, ಒಂದೂ ಒಣಗೋದಿಲ್ಲ. ಮೂರನೇ ದಿನ ಮನೆಯೆಲ್ಲ ಮುಗ್ಗಲು ವಾಸನೆ. ಫ್ಯಾನಿನ ಕೆಳಗೆ ಬಟ್ಟೆ ಹರವಿಕೊಂಡು ಕೂತು ಅಳುತ್ತಿದ್ದೆ. ಕಾಕು ಬಾಗಿಲಲ್ಲಿ ಬಂದು ನಿಂತರು. ‘ಯವ್ವಾ, ಹಿಂಗ ಹಾಕಿದ್ರ ದಸರಾಕ್ಕ ಒಣಗತಾವ’ ಅಂದವರೇ ಮನೆಗೆ ಹೋಗಿ ಶೇಗಡಿ ತಂದರು, ಜತೆಗೆ ಒಂದು ಬಿದಿರಿನ ಬುಟ್ಟಿ.

ಶೇಗಡಿಯಲ್ಲಿ ಇದ್ದಿಲ ಕೆಂಡ. ಅದರ ಮೇಲೆ ತೆಳ್ಳಗೆ ಬೂದಿ ಉದುರಿಸಿ ಉರಿ ತಣಿಸಿದರು. ಒಂದು ಚಿಟಿಕೆ ಓಂಕಾಳು, ನಾಲ್ಕು ಬೆಳ್ಳುಳ್ಳಿ ಸಿಪ್ಪೆ ಹಾಕಿದರು. ಬುಟ್ಟಿಯನ್ನು ಬೋರಲು ಮುಚ್ಚಿ, ಅದರ ಬೆನ್ನಿನ ಮೇಲೆ ಲಂಗೋಟಿ ಹರವಿದರು. ‘ಬುಟ್ಟಿ ಮ್ಯಾಲೆ ಕೈ ಇಡು. ಹತ್ತು ಎಣಸೂತನಕ ತಡೀತಂದ್ರ ಬಟ್ಟೀಗೂ ಏನಾಗೂದಿಲ್ಲ. ಆದ್ರ ಬಿಟ್ಟು ಮಾತ್ರ ಏಳಬ್ಯಾಡ.’ ಕಿಟಕಿ ತೆಗೆದಿಟ್ಟು, ಕೂಸನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ, ಇಬ್ಬರೂ ಬುಟ್ಟಿಯ ಪಕ್ಕ ಕೂತೆವು. ಬಟ್ಟೆಯಿಂದ ಹಬೆ ಏಳುತ್ತಿತ್ತು. ಒಣಗಿದ ಲಂಗೋಟಿಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದೆ. ಬೆಚ್ಚಗೆ, ಓಂಕಾಳಿನ ವಾಸನೆ. ಇವತ್ತಿಗೂ ಓಂಕಾಳು ಅಂದರೆ ನನಗೆ ಮೊದಲು ನೆನಪಾಗೋದು ಅದೇ, ಭಜಿ ಅಲ್ಲ.

ಕಾಕು ಮನೆಯ ಮಾತು ಮರಾಠಿ. ನನ್ನ ಜತೆ ಕನ್ನಡ, ತಮ್ಮ ಮಗನ ಜತೆ ಮರಾಠಿ, ಹಣ್ಣಿನ ಗಾಡಿಯವನ ಜತೆ ಹಿಂದಿ, ಜಗಳ ಬಂದರೆ ಮೂರೂ ಒಟ್ಟಿಗೆ. ಟಿವಿಯಲ್ಲಿ ಬೆಳಗಾವಿ ಅಂದರೆ ಬರೀ ಗಡಿ ಗಲಾಟೆ ತೋರಿಸ್ತಾರೆ. ನಮ್ಮ ಓಣಿಯಲ್ಲಿ ಜಗಳ ಆಗೋದು ಬೈಕ್ ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ.

ಎಲ್ಲ ಚೆನ್ನ ಅಂತಲೂ ಹೇಳೋದಿಲ್ಲ. ಇಲ್ಲಿ ಗುಟ್ಟು ಅನ್ನೋದು ಇಲ್ಲವೇ ಇಲ್ಲ. ನಾನು ಬಾಗಿಲು ಹಾಕಿ ಗಂಡನ ಜತೆ ಜಗಳ ಮಾಡಿದ್ದರೂ ಮರುದಿನ ಮೂರು ಮನೆಯವರು ‘ಸಮಾಧಾನ ಆತಿಲ್ಲೊ?’ ಅಂತ ಕೇಳ್ತಾರೆ. ಇನ್ನು ನಮ್ಮ ಕಪಾಟಿನ ಸ್ಟೀಲ್ ಡಬ್ಬಿಗಳಲ್ಲಿ ಮೂರರ ಮೇಲೆ ಕಾಕು ಅವರ ಅತ್ತೆಯ ಹೆಸರು ಕೆತ್ತಿದೆ, ನಮ್ಮ ಅವ್ವ ಕೊಟ್ಟಿದ್ದ ಡಬ್ಬಿ ಯಾರ ಮನೆಯಲ್ಲಿದೆಯೋ ಆ ದೇವರಿಗೇ ಗೊತ್ತು.

2019ರ ಆಗಸ್ಟ್ ಮೊದಲ ವಾರ. ರಾತ್ರಿ ಹನ್ನೊಂದರ ಸುಮಾರಿಗೆ ನಾಲೆಯ ನೀರು ಓಣಿಗೆ ನುಗ್ಗಿತು. ಕರೆಂಟ್ ಇಲ್ಲ, ಮಗ್ಗಗಳ ಸದ್ದಿಲ್ಲ. ಬಾಗಿಲ ಸಂದಿಯಿಂದ ಕಪ್ಪಗೆ ನೀರು ಒಳಗೆ ಹರಿದು ಬಂತು. ಓಣಿಯವರು ಮೊದಲು ನೂಲು ಮತ್ತು ಮಗ್ಗದ ಬೀಮ್ (ನೂಲು ಸುತ್ತುವ ಉರುಳೆ) ಎತ್ತಿದರು, ಅದು ಹೋದರೆ ಮನೆಯ ಹೊಟ್ಟೆಪಾಡೇ ಹೋಯಿತಲ್ಲ. ಆಮೇಲೆ ನಮ್ಮ ಗಾದಿ, ಸಿಲಿಂಡರ್, ಕಾಗದಪತ್ರದ ಟ್ರಂಕು. ಟ್ರಂಕು ಎತ್ತಿದ ಹುಡುಗನ ಹೆಸರೂ ಆಗ ನನಗೆ ಗೊತ್ತಿರಲಿಲ್ಲ. ಆಗ ಮಹಡಿ ಮನೆ ಇದ್ದದ್ದು ಓಣಿಯಲ್ಲಿ ಒಂದೇ. ಮೂರು ರಾತ್ರಿ ನಾವೆಲ್ಲ ಅಲ್ಲೇ, ಕಾಲು ಚಾಚಲು ಜಾಗವಿಲ್ಲದೆ, ಖಿಚಡಿ ತಿಂದುಕೊಂಡು. ಆಮೇಲೆ ಪರಿಹಾರದ ಪಟ್ಟಿಯಲ್ಲಿ ಬಾಡಿಗೆಯವರಾದ ನಮ್ಮ ಹೆಸರು ಬರಲಿಲ್ಲ, ಅದು ಬೇರೆ ಕತೆ.

ಅದೇ ದಿನಗಳಲ್ಲಿ ಊರಲ್ಲೂ ಹೊಳೆ ಬಂತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ನೀರು ನಿಂತಿತ್ತು. ಮಲಪ್ರಭೆ ಹುಟ್ಟೋದು ಇಲ್ಲೇ ಕಣಕುಂಬಿಯಲ್ಲಿ, ಹೋಗಿ ಕೃಷ್ಣೆಯನ್ನು ಸೇರೋದು ನಮ್ಮ ಕೂಡಲಸಂಗಮದಲ್ಲಿ. ಅವ್ವ ಶಾಲೆಯಲ್ಲಿ ಮಲಗಿದ್ದಳು. ಫೋನಿನಲ್ಲಿ ‘ನಿಮ್ಮ ಕಡೀ ನೀರು ನಮ್ಮ ಕಡೀ ಕಳಿಸಿರಲ್ಲೇ’ ಅಂತ ನಕ್ಕಳು, ನಕ್ಕು ಸುಮ್ಮನಾದಳು. ಕಾಕು ಪಕ್ಕದಲ್ಲೇ ಕೂತಿದ್ದರು, ಏನೂ ಅನ್ನಲಿಲ್ಲ. ಅವರ ಮನೆಯಲ್ಲೂ ಮೊಣಕಾಲುಮಟ್ಟ ನೀರು. ನಾನು ಊರಿಗೆ ಹೊರಟ ದಿನ ಮಾತ್ರ ಒಂದು ಚೀಲ ಕೈಗಿಟ್ಟರು. ತಮ್ಮ ಮಗ್ಗದ ಎರಡು ಸೀರೆ, ಅವ್ವನಿಗೆ. ಅವ್ವ ಅದರಲ್ಲಿ ಒಂದನ್ನು ಇನ್ನೂ ಉಟ್ಟಿಲ್ಲ. ಕೇಳಿದರೆ, ‘ಇರಲಿ ಬಿಡು’ ಅಂತಾಳೆ.

ಮೇಲಿನ ಮನೆಗೆ ಈಗ ವಿಜಯಪುರ ಕಡೆಯ ಹುಡುಗಿ ಬಂದಿದ್ದಾಳೆ. ಎರಡು ತಿಂಗಳ ಕೂಸು. ಇವತ್ತು ಬೆಳಿಗ್ಗೆ ಒದ್ದೆ ಬಟ್ಟೆಯ ಬಕೆಟ್ ಹಿಡಿದುಕೊಂಡು ಇಳಿದು ಬಂದಳು, ಮುಖ ಊದಿತ್ತು. ಗೋಡೆಯ ಮೊಳೆಯಿಂದ ಬುಟ್ಟಿ ಇಳಿಸಿದೆ. ಒಳಭಾಗವೆಲ್ಲ ಹೊಗೆ ಹಿಡಿದು ಕಪ್ಪಾಗಿದೆ, ಒಂದು ಕಡೆ ಅಂಚು ಮುರಿದಿದೆ. ಕೆಂಡ ಹಾಕಿ, ಬೂದಿ ಉದುರಿಸಿ, ‘ಕೈ ಇಡು, ಹತ್ತು ಎಣಿಸು’ ಅಂತ ಅವಳಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಗೋಡೆಯಾಚೆಯಿಂದ, ಮಗ್ಗದ ಸದ್ದಿಗಿಂತ ಜೋರಾಗಿ, ಕಾಕು ದನಿ ಕೇಳಿಸಿತು.

‘ಓಂಕಾಳು ಹಾಕಿದ್ಯೇನ?’